ಶಕುಂತಲಮ್ಮನ ಎಡತೋಳು

ಅಜ್ಜಂಪುರ
8 ಜನವರಿ 2024

ಚಿ. ನಯನಳಿಗೆ,

ಫೋನಿನಲ್ಲಿ ನಾವಿಬ್ಬರೂ ಮಾತಾಡುವುದು ಆಗದ ಕೆಲಸ ಎಂಬುದು ಮೊನ್ನೆ ಮೂರನೆಯ ಸಲ ಸಾಬೀತಾಯಿತು. ನೀನು ನನ್ನ ಮಾತಿನ ನಡುವೆ ಬಾಯಿ ಹಾಕುತ್ತೀಯ, ನಾನು ಕಟ್ ಮಾಡುತ್ತೇನೆ. ಕಾಗದವಾದರೆ ನಾನು ಮುಗಿಸುವವರೆಗೆ ನೀನು ಸುಮ್ಮನೆ ಓದಲೇಬೇಕು. ಇನ್ನು ಮುಂದೆ ನಿನ್ನ ನಂಬರು ಬಂದರೆ ಎತ್ತುವುದಿಲ್ಲ. ಹೇಳುವುದಿದ್ದರೆ ಬರೆ.

ಮೊದಲು ಸಿಂಗಟಗೆರೆಯ ವಿಷಯ. ಮನೆ ಒಕ್ಕಲಿನ ಊಟದಲ್ಲಿ ನಾನು ನಿನ್ನ ಮಾನ ತೆಗೆದೆ ಎಂದು ನಿಮ್ಮಮ್ಮನ ಹತ್ತಿರ ಅತ್ತುಕೊಂಡೆಯಂತೆ. ಮಾನ ತೆಗೆದದ್ದು ನಾನಲ್ಲ, ನಿಮ್ಮಮ್ಮ. ಪಂಕ್ತಿಯಲ್ಲಿ ಕೂತವರಿಗೆಲ್ಲ ಕೇಳುವ ಹಾಗೆ, "ನಮ್ ನಯನ ಹೈದ್ರಾಬಾದಲ್ಲಿ ಹಾರ್ಟ್ ಮ್ಯಾಲೆ ರಿಸರ್ಚ್ ಮಾಡ್ತಾವ್ಳೆ" ಅಂದಳು. ನಾನು ಒಂದೇ ಒಂದು ಪ್ರಶ್ನೆ ಕೇಳಿದೆ: "ಯಾರ ಹಾರ್ಟು?" ಅವಳು, "ಇಲಿದು ಕಣೋ" ಅಂದಳು. ಪಾಯಸ ಬಡಿಸುತ್ತಿದ್ದವನು ಸೌಟು ಬಿಟ್ಟು ನಕ್ಕ. ಇದರಲ್ಲಿ ನನ್ನ ತಪ್ಪೇನು?

ಪಶು ಆಸ್ಪತ್ರೆಯಲ್ಲಿ ಮೂವತ್ತನಾಲ್ಕು ವರ್ಷ ದುಡಿದವನು ನಾನು. ನಾಲ್ಕು ಜನ ಹಗ್ಗ ಹಿಡಿದರೂ ನಿಲ್ಲದ ಅಮೃತಮಹಲ್ ಹೋರಿಯ ಎದೆಗೆ ಕಿವಿ ಕೊಟ್ಟು ಇದು ಬದುಕುತ್ತದೆ, ಇದು ಬದುಕುವುದಿಲ್ಲ ಎಂದು ಹೇಳಿದ್ದೇನೆ. ನೀನು ಹಿಡಿಯುವ ಪ್ರಾಣಿ ಇಪ್ಪತ್ತೈದು ಗ್ರಾಂ. ಇಪ್ಪತ್ತೈದು! ನಮ್ಮ ಮನೆಯ ಬೋನಿಗೆ ವಾರಕ್ಕೆ ಎರಡು ಬೀಳುತ್ತವೆ. ಬೇಕಿದ್ದರೆ ಡಬ್ಬಿಗೆ ಹಾಕಿ ಕಳಿಸುತ್ತೇನೆ, ಸರ್ಕಾರಕ್ಕೆ ಖರ್ಚಾದರೂ ಉಳಿಯಲಿ.

ಇನ್ನು ನಿನ್ನ ಅತ್ತೆ. ಅವಳ ಮುಖ ಊದಿದೆ, ಬಿ.ಪಿ. ತೋರಿಸಿ ಎಂದು ಊಟದ ಮನೆಯಲ್ಲೂ ಫೋನಿನಲ್ಲೂ ನೀನು ಪ್ರಾಣ ತಿಂದದ್ದಕ್ಕೆ ಶುಕ್ರವಾರ ತರೀಕೆರೆಗೆ ಕರೆದುಕೊಂಡು ಹೋದೆ. ಡಾಕ್ಟರ್ ವಿಶ್ವನಾಥ್ ಅಂತ, ಮೀಸೆ ಇನ್ನೂ ಸರಿಯಾಗಿ ಬಂದಿಲ್ಲ. ಬಸ್ಸಿನಲ್ಲಿ ನಿಂತುಕೊಂಡೇ ಬಂದವಳನ್ನು ಸ್ಟೂಲಿನ ಮೇಲೆ ಕೂರಿಸಿ, ಮುಖವನ್ನೂ ನೋಡದೆ ತೋಳಿಗೆ ಪಟ್ಟಿ ಕಟ್ಟಿ ಗಾಳಿ ಒತ್ತಿ, 168/100 ಎಂದು ಚೀಟಿಯಲ್ಲಿ ಗೀಚಿದ. ಒಂದು ಗುಳಿಗೆ ಬರೆದುಕೊಟ್ಟು, "ಇದನ್ನ ಜೀವನಪೂರ್ತಿ ತಗೋಬೇಕಮ್ಮ" ಅಂದ.

"ಯಾರ ಜೀವನಪೂರ್ತಿ ಡಾಕ್ಟ್ರೇ, ನಿಮ್ದೋ ಅವಳ್ದೋ?" ಅಂತ ಕೇಳಿದೆ. "ನೆಕ್ಸ್ಟ್" ಅಂದ.

ಇಂಥವರಿಗೆ ಪಾಠ ಹೇಳಿಕೊಡಲು ನೀನು ಇಲಿ ಕೊಯ್ಯುತ್ತಿದ್ದೀಯ. ಸಂತೋಷ.

ನಿನ್ನ ಸೋದರಮಾವ,
ಸಣ್ಣಬೀರಪ್ಪ


ಹೈದರಾಬಾದ್
19 ಜನವರಿ 2024

ಮಾವನವರಿಗೆ ನಮಸ್ಕಾರ.

ನಿಮ್ಮ ಬೋನಿನ ಇಲಿ ಬೇಡ. ಅದು ಏನು ತಿಂದಿದೆ, ಯಾರ ಮಗ, ವಯಸ್ಸೆಷ್ಟು, ಯಾವ ರೋಗವಿದೆ ಎಂಬುದು ನಿಮಗೂ ಗೊತ್ತಿಲ್ಲ, ಅದಕ್ಕೂ ಗೊತ್ತಿಲ್ಲ. ನಮ್ಮ ಇಲಿಗಳು ಒಂದೇ ವಂಶದವು, ಒಂದೇ ವಯಸ್ಸಿನವು, ಒಂದೇ ಮೇವು ತಿನ್ನುವಂಥವು. ಒಂದಕ್ಕೆ ಏನಾದರೂ ಮಾಡಿ ಇನ್ನೊಂದಕ್ಕೆ ಮಾಡದೆ ಬಿಟ್ಟರೆ, ವ್ಯತ್ಯಾಸ ಬಂದದ್ದು ಯಾತರಿಂದ ಎಂದು ಗೊತ್ತಾಗುವುದು ಆಗಲೇ. ಜಗಲಿಯ ಮೇಲೆ ಕೂತು ತೀರ್ಪು ಕೊಡುವವರಿಗೆ ಇದರ ಅಗತ್ಯ ಬೀಳುವುದಿಲ್ಲ ಎಂದು ನನಗೆ ಗೊತ್ತು.

ನೀವು ಕೇಳಿಲ್ಲ, ಆದರೂ ಬರೆಯುತ್ತೇನೆ. ಮನುಷ್ಯರಲ್ಲಿ ಬಿ.ಪಿ. ಹೃದಯವನ್ನು ಹಾಳುಮಾಡಲು ಹತ್ತಿಪ್ಪತ್ತು ವರ್ಷ ತೆಗೆದುಕೊಳ್ಳುತ್ತದೆ. ಅಷ್ಟು ವರ್ಷ ಯಾರ ಎದೆಯನ್ನು ಬಿಚ್ಚಿ ನೋಡುತ್ತ ಕೂರುವುದು? ಇಲಿಯಲ್ಲಾದರೆ ನಾಲ್ಕು ವಾರ ಸಾಕು. ಬೆನ್ನಿನ ಚರ್ಮದಡಿ ಕಡಲೆಬೀಜಕ್ಕಿಂತ ಸ್ವಲ್ಪ ಉದ್ದದ ಒಂದು ಪಂಪ್ ಇಟ್ಟು ಹೊಲಿಯುತ್ತೇವೆ. ಅದು ಬಿ.ಪಿ. ಏರಿಸುವ ಔಷಧವನ್ನು ಹಗಲಿರುಳು ತೊಟ್ಟಿಕ್ಕುತ್ತದೆ. ಹೃದಯದ ಎಡಭಾಗದ ಗೋಡೆ ಆ ಒತ್ತಡದ ವಿರುದ್ಧ ದುಡಿದೂ ದುಡಿದೂ ಗರಡಿಯವರ ತೋಳಿನ ಹಾಗೆ ದಪ್ಪವಾಗುತ್ತದೆ. ನೋಡಿದವರು ಗಟ್ಟಿಯಾಯಿತು ಅಂದುಕೊಳ್ಳಬೇಕು. ಆಮೇಲೆ ಒಂದು ದಿನ ಸೋಲುತ್ತದೆ. ಇನ್ನರ್ಧ ಇಲಿಗಳಿಗೂ ಹಾಗೆಯೇ ಕೊಯ್ದು ಪಂಪ್ ಇಡುತ್ತೇವೆ, ಆದರೆ ಅದರಲ್ಲಿ ಬರೀ ಉಪ್ಪುನೀರು. ಹೋಲಿಸಿ ನೋಡುವುದಕ್ಕೆ.

ಬಿ.ಪಿ. ಅಳೆಯುವುದು ಬಾಲದಲ್ಲಿ. ಇಲಿಯನ್ನು ಒಂದು ಕೊಳವೆಯೊಳಗೆ ಬೆಚ್ಚಗೆ ಕೂರಿಸಿ ಬಾಲಕ್ಕೆ ಉಂಗುರದಂಥ ಪಟ್ಟಿ ತೊಡಿಸುತ್ತೇವೆ. ಮೊದಲ ಐದು ದಿನ ಬರೀ ಅಭ್ಯಾಸ. ಸದ್ದು ಮಾಡುವ ಹಾಗಿಲ್ಲ, ಕೋಣೆಯಲ್ಲಿ ಯಾರೂ ಮಾತಾಡುವ ಹಾಗಿಲ್ಲ. ಮೊದಲ ದಿನ ಬರುವ ಅಂಕಿ ಭಯದ ಅಂಕಿ. ಅದನ್ನು ನಾವು ಲೆಕ್ಕಕ್ಕೇ ಹಿಡಿಯುವುದಿಲ್ಲ, ಎಸೆಯುತ್ತೇವೆ. ಹೋರಿಯ ಎದೆಗೆ ಕಿವಿ ಕೊಟ್ಟು ನೀವು ಕೇಳಿದ್ದನ್ನು ಎಲ್ಲಿಯಾದರೂ ಬರೆದಿಟ್ಟಿದ್ದೀರಾ? ನಾವು ಬರೆದಿಡುತ್ತೇವೆ. ನಮ್ಮಿಬ್ಬರಿಗೂ ಇರುವ ವ್ಯತ್ಯಾಸ ಅಷ್ಟೆ.

ಡಾಕ್ಟರು ಕೊಟ್ಟ ಗುಳಿಗೆಯನ್ನು ಅತ್ತೆಗೆ ತಪ್ಪದೆ ಕೊಡಿ. ಡಾಕ್ಟರ ಮೀಸೆಯ ಬಗ್ಗೆ ಆಮೇಲೆ ವಿಚಾರ ಮಾಡೋಣ.

ನಯನ


ಅಜ್ಜಂಪುರ
2 ಫೆಬ್ರವರಿ 2024

ಚಿ. ನಯನಳಿಗೆ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಒಂದು ಸಲ ಮನಸ್ಸಿನಲ್ಲಿ, ಇನ್ನೊಂದು ಸಲ ನಿನ್ನ ಅತ್ತೆಗೆ ಕೇಳುವಂತೆ ಜೋರಾಗಿ. ಉಪ್ಪುನೀರಿನ ಪಂಪಿನ ಹತ್ತಿರ ಬಂದಾಗ ನಗು ತಡೆಯಲಾಗಲಿಲ್ಲ. ಕೊಯ್ದು, ಏನೂ ಇಲ್ಲದ್ದನ್ನು ಒಳಗಿಟ್ಟು, ಹೊಲಿದು ಕಳಿಸುವುದು! ಅದಕ್ಕೆ ಹೈದರಾಬಾದಿಗೆ ಯಾಕಮ್ಮ ಹೋದೆ? ನಮ್ಮ ಸೀಮೆಯಲ್ಲಿ ಜ್ವರ ಅಂದರೂ ಗ್ಲೂಕೋಸು, ಸುಸ್ತು ಅಂದರೂ ಗ್ಲೂಕೋಸು ಏರಿಸಿ ಕಳಿಸುವ ಪುಣ್ಯಾತ್ಮರು ಬೇಕಾದಷ್ಟಿದ್ದಾರೆ. ಅವರ ಕೈಕೆಳಗೇ ಕಲಿಯಬಹುದಿತ್ತು.

ಆದರೂ ನಿನ್ನ ಇಲಿ ನನಗೊಂದು ಉಪಕಾರ ಮಾಡಿತು. ಮೊದಲ ದಿನದ ಅಂಕಿ ಭಯದ ಅಂಕಿ, ಎಸೆಯಬೇಕು ಎಂದು ನಿನ್ನ ಕೈಯಾರೆ ಬರೆದಿದ್ದೀಯ. ಹಾಗಾದರೆ ಆ ವಿಶ್ವನಾಥನ 168 ಯಾವ ಅಂಕಿ? ಬಸ್ಸಿನಲ್ಲಿ ನಿಂತು ಬಂದವಳು, ಗೊತ್ತಿಲ್ಲದ ಜಾಗ, ಸ್ಟೂಲು, ಬಿಳಿ ಕೋಟು. ನಿನ್ನ ಇಲಿಗೆ ಕೊಡುವ ಮರ್ಯಾದೆಯನ್ನೂ ಅವನು ನನ್ನ ಹೆಂಡತಿಗೆ ಕೊಡಲಿಲ್ಲ. ಎಸೆದೆ ಅದನ್ನು.

ಈಗ ನಾನೇ ನೋಡುತ್ತಿದ್ದೇನೆ. ಬಿ.ಪಿ. ಮೆಷಿನ್ ತಂದಿದ್ದೇನೆ, ಗಡಿಯಾರದ ಮುಖದಂಥದ್ದು, ಒಳ್ಳೆಯ ಮಾಲು. ಕಿವಿಗೆ ನನ್ನ ಹಳೆಯ ಸ್ಟೆತಸ್ಕೋಪು ಇದ್ದೇ ಇದೆ. ನಿನ್ನ ವಿಧಾನವನ್ನೇ ಅನುಸರಿಸಿದೆ. ಹಾಲು ಕರೆದಾದ ಮೇಲೆ, ಕೊಟ್ಟಿಗೆಯ ಕಟ್ಟೆಯ ಮೇಲೆ, ಎಡತೋಳಿಗೆ ಪಟ್ಟಿ ಕಟ್ಟಿ ಐದು ದಿನ ಸುಮ್ಮನೆ ಕೂರಿಸಿದೆ. ಅವಳು ಏನೋ ಹೇಳಲು ಬಂದಾಗಲೆಲ್ಲ, "ಮಾತಾಡ್ಬ್ಯಾಡ ಕಣೇ, ಅಂಕಿ ಕೆಡ್ತದೆ" ಅಂದೆ. ಆರನೆಯ ದಿನ ಅಳೆದೆ. 132/82! ಅರವತ್ತೊಂದರ ಹೆಂಗಸಿಗೆ! ಮರುದಿನ 134/80. ಅದರ ಮರುದಿನ 130/82. ನಿನ್ನ ಹಾಗೆಯೇ ಬರೆದಿಡುತ್ತಿದ್ದೇನೆ, ಡೇರಿಯ ಹಾಲಿನ ಪುಸ್ತಕದ ಹಿಂದಿನ ಹಾಳೆಯಲ್ಲಿ.

ಕಾಲು ಮಾತ್ರ ಸ್ವಲ್ಪ ಊದಿದೆ. ಗುಳಿಗೆ ಶುರುವಾದ ಮೇಲೆ ಊದಿದ್ದು. ಇಲ್ಲದ ಕಾಯಿಲೆಗೆ ಔಷಧ ಕೊಟ್ಟರೆ ಇನ್ನೇನಾಗುತ್ತದೆ?

ಸಣ್ಣಬೀರಪ್ಪ


ಹೈದರಾಬಾದ್
20 ಫೆಬ್ರವರಿ 2024

ಮಾವನವರಿಗೆ,

ಕೆಲಸ ಹೆಚ್ಚಿದೆ, ಚುಟುಕಾಗಿ ಬರೆಯುತ್ತೇನೆ.

ಅತ್ತೆಯ ಬಿ.ಪಿ. ಇಷ್ಟು ಚೆನ್ನಾಗಿ ಇಳಿದಿರುವುದು ಗುಳಿಗೆಯಿಂದ, ನಿಮ್ಮ ಕೊಟ್ಟಿಗೆಯ ಕಟ್ಟೆಯಿಂದಲ್ಲ. ಆ ಗುಳಿಗೆಯಿಂದ ಕೆಲವರಿಗೆ ಕಾಲು ಊದುವುದುಂಟು. ನೀವೇ ನಿಲ್ಲಿಸಬೇಡಿ. ತರೀಕೆರೆಗೆ ಹೋದರೆ ಬೇರೆ ಗುಳಿಗೆ ಬರೆದುಕೊಡುತ್ತಾರೆ. ಆ ಡಾಕ್ಟರ ಮುಖ ನೋಡಲು ನಿಮಗೆ ಅವಮಾನವಾಗುವುದಾದರೆ ಹೊರಗೆ ಬೆಂಚಿನ ಮೇಲೆ ಕೂತಿರಿ, ಅತ್ತೆಯೊಬ್ಬರೇ ಒಳಗೆ ಹೋಗಿಬರಲಿ. ಅವರಿಗೆ ಬಾಯಿದೆ.

ನನ್ನ ಕೆಲಸದ ಬಗ್ಗೆ ನಗುವವರಿಗೆ ಹೇಳುವಂಥದ್ದು ಹೆಚ್ಚಿಲ್ಲ. ಒಂದು ತಂಡದ ಇಲಿಗಳು ಮುಗಿದವು. ಹೊಸ ತಂಡ ಶುರುಮಾಡಿದ್ದೇನೆ. ಎಲ್ಲ ಸರಿಯಾಗಿ ನಡೆಯುತ್ತಿದೆ.

ನಯನ


ಅಜ್ಜಂಪುರ
11 ಮಾರ್ಚ್ 2024

ಚಿ. ನಯನಳಿಗೆ,

ಗುಳಿಗೆಯಿಂದ ಇಳಿಯಿತು ಎಂದು ಬರೆದಿದ್ದೀಯಲ್ಲ, ಓದಿ ಹೊಟ್ಟೆ ಹಿಡಿದುಕೊಂಡು ನಕ್ಕೆ. ಯಾವ ಗುಳಿಗೆ? ಜನವರಿ ಮುಗಿಯುವ ಮೊದಲೇ ನಿಲ್ಲಿಸಿದ್ದೇನೆ! ನಿಲ್ಲಿಸಿದ ಮೇಲೆ ತೆಗೆದ ಅಂಕಿಗಳು ಅವೆಲ್ಲ. ಓದಿದವಳು, ಲೆಕ್ಕ ಇಡುವವಳು, ಗುಳಿಗೆ ಇಲ್ಲದ ಅಂಕಿಯನ್ನು ಗುಳಿಗೆಯದು ಅಂದುಕೊಂಡೆ. ನಿನ್ನ ಇಲಿಗಳನ್ನು ದೇವರೇ ಕಾಪಾಡಬೇಕು.

ಮೆಷಿನ್ ಎಲ್ಲಿಂದ ತಂದೆ ಎಂದು ನೀನು ಕೇಳಲಿಲ್ಲ, ಹೇಳುತ್ತೇನೆ, ವ್ಯವಹಾರ ಅಂದರೇನು ಎಂದು ನಿನಗೂ ಗೊತ್ತಾಗಲಿ. ಕಡೂರಿನಲ್ಲಿ ಒಂದು ನರ್ಸಿಂಗ್ ಹೋಮ್ ಮುಚ್ಚಿತು. ಅದರ ಸಾಮಾನೆಲ್ಲ ತರೀಕೆರೆಯ ಅಸದುಲ್ಲಾ ಸಾಬರ ಗುಜರಿ ಅಂಗಡಿಗೆ ಬಂದಿತ್ತು. ಮೆಷಿನ್ ಒಂದೇ, ಪಟ್ಟಿ ಎರಡು ಬಗೆ. ಒಂದು ಗೇಣುದ್ದದ ಬಡಕಲು ಪಟ್ಟಿ, ಇನ್ನೊಂದು ಅಗಲವಾದ ಗಟ್ಟಿಮುಟ್ಟು ಪಟ್ಟಿ. ಯಾವುದು ತೆಗೆದುಕೊಂಡರೂ ಬೆಲೆ ಒಂದೇ ಅಂದರು. ಒಂದೇ ಬೆಲೆಗೆ ದೊಡ್ಡದು ಸಿಗುತ್ತಿರುವಾಗ ಸಣ್ಣದನ್ನು ಯಾವ ಬೆಪ್ಪ ತರುತ್ತಾನೆ? ನಿನ್ನ ಅತ್ತೆಯ ಕಡ್ಡಿಯಂಥ ತೋಳಿಗೆ ಮೊಣಕೈಯಿಂದ ಕಂಕುಳವರೆಗೆ ಬಂದು, ಎರಡು ಸುತ್ತು ಸುತ್ತಿ, ಇನ್ನೂ ಮಿಗುತ್ತದೆ. ಅಂಥ ಹಿಡಿತ!

ಇದರ ಮುಂದೆ ಆಶಾ ಕಾರ್ಯಕರ್ತೆ ಮಲ್ಲಿಕಾಂಬ ಕಳೆದ ವಾರ ಒಂದು ಬ್ಯಾಟರಿಯ ಡಬ್ಬಿ ತಂದು ನಿನ್ನ ಅತ್ತೆಯ ತೋಳಿಗೆ ಹಾಕಿ, "ಅಣ್ಣಾ, ನೂರ ಎಪ್ಪತ್ತು ದಾಟೈತೆ" ಎಂದು ಬಾಯಿ ಬಡಿದುಕೊಂಡಳು. ಮಕ್ಕಳ ಆಟಿಕೆ. "ತಾಯಿ, ಇದನ್ನ ಅಂಗನವಾಡೀಲಿ ಇಡು, ಮಕ್ಳು ಆಡ್ಕಳ್ಳಿ" ಎಂದು ಕಳಿಸಿದೆ.

ನಿನ್ನ ಅತ್ತೆ ಈಗೀಗ ಸೋಮಾರಿಯಾಗಿದ್ದಾಳೆ. ತೋಟದ ಕಡೆ ಬರುವುದಿಲ್ಲ. ಮಲಗಿದರೆ ಉಸಿರು ಕಟ್ಟುತ್ತದೆ ಎಂದು ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಾಳೆ. ಕಾಲಿನ ಊತ ಇಳಿದಿಲ್ಲ. ಹದಿನೆಂಟು ಗುಳಿಗೆ ಹೊಟ್ಟೆಗೆ ಹೋಗಿವೆಯಲ್ಲ, ಅದರ ವಿಷ ಇಳಿಯಲು ದಿನ ಬೇಡವೇ? ಜೊತೆಗೆ ಈ ಸಲದ ಬಿಸಿಲು. ಇವತ್ತಿನ ಅಂಕಿ 136/84. ಗಾಬರಿಯಾಗುವಂಥದ್ದು ಏನೂ ಇಲ್ಲ.

ಸಣ್ಣಬೀರಪ್ಪ


ಹೈದರಾಬಾದ್
18 ಮಾರ್ಚ್ 2024
ಸ್ಪೀಡ್ ಪೋಸ್ಟ್

ಮಾವ,

ಶನಿವಾರ ನಿಮ್ಮ ಕಾಗದ ಸಿಕ್ಕಿತು. ಆಗಿನಿಂದ ಹತ್ತೊಂಬತ್ತು ಸಲ ಫೋನ್ ಮಾಡಿದ್ದೇನೆ. ಅತ್ತೆಗೆ ಬೇರೆ ಫೋನಿಲ್ಲ. ನಿನ್ನೆ ಅಮ್ಮನನ್ನು ಸಿಂಗಟಗೆರೆಯಿಂದ ಓಡಿಸಿದೆ. ನೀವು ಅಮ್ಮನಿಗೆ ಕಾಫಿ ಕೊಟ್ಟು, ಅದೇ ಪಟ್ಟಿಯನ್ನು ಅಮ್ಮನ ತೋಳಿಗೂ ಕಟ್ಟಿ, "ನಿಂದು ನೂರಾ ಹದಿನೆಂಟು, ಸುಮ್ನೆ ಹೋಗಕ್ಕ" ಎಂದು ಬಸ್ಸು ಹತ್ತಿಸಿದಿರಿ. ಅಮ್ಮ ಖುಷಿಯಾಗಿ ವಾಪಸ್ಸು ಬಂದಳು. ಮಲ್ಲಿಕಾಂಬ ಅವರನ್ನು ಮತ್ತೆ ಕಳಿಸಿದರೆ ಗೇಟಿನಲ್ಲೇ ನಿಲ್ಲಿಸಿದಿರಂತೆ. ಇನ್ನು ಉಳಿದಿರುವುದು ಕಾಗದ ಒಂದೇ. ನೀವು ಓದುವುದು ಕಾಗದವನ್ನು ಮಾತ್ರ. ಹಾಗಾಗಿ ನಿಮಗೆ ನಗು ಬರುವಂಥ ಸಂಗತಿಯೊಂದನ್ನು ಬರೆಯುತ್ತೇನೆ, ಪೂರ್ತಿ ಓದಿ.

ಎಲ್ಲ ಸರಿಯಾಗಿ ನಡೆಯುತ್ತಿದೆ ಎಂದು ಫೆಬ್ರವರಿಯಲ್ಲಿ ನಾನು ಬರೆದದ್ದು ಸುಳ್ಳು. ಒಂದು ತಂಡದ ಇಲಿಗಳು ಮುಗಿದವು ಅಂದೆನಲ್ಲ, ಮುಗಿದದ್ದಲ್ಲ, ನಾನು ಕೊಂದದ್ದು.

ಪಂಪ್ ಇಟ್ಟು ಎರಡು ವಾರವಾದರೂ ಬಾಲದಲ್ಲಿ ಅಂಕಿ ಏರುತ್ತಿರಲಿಲ್ಲ. 150 ಬರಬೇಕಾದಲ್ಲಿ 115 ಬರುತ್ತಿತ್ತು. ಔಷಧ ಸಾಲದು ಅಂದುಕೊಂಡೆ. ಯಾರನ್ನೂ ಕೇಳದೆ, ನನಗೆ ಗೊತ್ತಿದೆ ಎಂಬ ಜಂಬದಿಂದ, ಹೆಚ್ಚು ಔಷಧದ ಪಂಪ್ ಇಟ್ಟೆ. ಒಂದು ವಾರದೊಳಗೆ ಹದಿನಾಲ್ಕು ಇಲಿ ಸತ್ತವು. ಕೊಯ್ದು ನೋಡಿದರೆ ಎದೆಯ ದೊಡ್ಡ ರಕ್ತನಾಳ ಒಡೆದು ಒಳಗೆಲ್ಲ ರಕ್ತ. ಬಿ.ಪಿ. ಮೊದಲಿನಿಂದಲೂ ಏರಿಯೇ ಇತ್ತು ಮಾವ. ಕಾಣಿಸದ ಹಾಗೆ ಮಾಡಿದ್ದು ನಾನು. ಡ್ರಾಯರಿನಲ್ಲಿ ಎರಡು ಅಳತೆಯ ಬಾಲದ ಉಂಗುರಗಳಿದ್ದವು. ನಾನು ಹಾಕುತ್ತಿದ್ದದ್ದು ಹೆಗ್ಗಣದ್ದು, ಒಂದು ಅಳತೆ ದೊಡ್ಡದು. ಪಟ್ಟಿ ದೊಡ್ಡದಾದರೆ ಅಂಕಿ ಕಡಿಮೆ ಬರುತ್ತದೆ. ಬಾಲಕ್ಕೂ ಹೀಗೆಯೇ, ತೋಳಿಗೂ ಹೀಗೆಯೇ.

ನಮ್ಮ ಲ್ಯಾಬಿನ ಮೇಡಂ ಎಲ್ಲರೆದುರು ಆ ಉಂಗುರವನ್ನು ನನ್ನ ಬೆರಳಿಗೆ ತೊಡಿಸಿ, "ಇಲಿ ಸುಳ್ಳು ಹೇಳಲ್ಲ. ನೀನು ಹೇಳಿಸ್ದೆ" ಅಂದರು. ಇದು ಫೆಬ್ರವರಿ ಹದಿನೇಳರಂದು. ಮೂರು ದಿನ ಬಿಟ್ಟು ನಿಮಗೆ ಕಾಗದ ಬರೆದೆ. ಅದರಲ್ಲಿ ಇದನ್ನು ಬರೆದಿದ್ದರೆ ಅವತ್ತೇ ನೀವು ಅತ್ತೆಯ ತೋಳನ್ನು ನೋಡುತ್ತಿದ್ದಿರೇನೋ. ಬರೆಯಲಿಲ್ಲ. ಮುಂದಿನ ಊಟದ ಪಂಕ್ತಿಯಲ್ಲಿ ನೀವು ಏನು ಹೇಳುತ್ತೀರೆಂದು ನನಗೆ ಗೊತ್ತಿತ್ತು.

ನನ್ನನ್ನು ನಂಬಬೇಡಿ. ಅಸದುಲ್ಲಾ ಅವರ ಅಂಗಡಿಯಲ್ಲಿ ಆ ಬಡಕಲು ಪಟ್ಟಿ ಇನ್ನೂ ಇದ್ದರೆ ತಂದು, ಎರಡನ್ನೂ ಒಂದಾದ ಮೇಲೊಂದು ಅದೇ ಎಡತೋಳಿಗೆ ಕಟ್ಟಿ ನೋಡಿ. ಮಲಗಿದರೆ ಉಸಿರು ಕಟ್ಟುವುದು ಸೋಮಾರಿತನವಲ್ಲ. ಆಮೇಲೆ ಬೇಕಾದಷ್ಟು ನಗಿ. ಮೊದಲು ನೋಡಿ.

ನಯನ


ಶಿವಮೊಗ್ಗ
9 ಏಪ್ರಿಲ್ 2024

ನಯನ,

ನಿನ್ನ ಅತ್ತೆ ಬದುಕಿದ್ದಾಳೆ. ಇದನ್ನು ನಿಮ್ಮಮ್ಮ ಫೋನಿನಲ್ಲಿ ಹೇಳಿದ್ದಾಳೆ, ಗೊತ್ತು. ಆದರೂ ಮೊದಲ ಸಾಲಿನಲ್ಲಿ ಬರೆಯುವುದು ಅದನ್ನೇ. ಮೂರು ವಾರ ನನ್ನಿಂದ ಒಂದು ಸಾಲು ಬರೆಯಲಾಗಲಿಲ್ಲ.

ನಿನ್ನ ಸ್ಪೀಡ್ ಪೋಸ್ಟ್ ಇಪ್ಪತ್ತೊಂದನೆಯ ತಾರೀಕು ಬಂತು. ಓದಿದಾಗ ಮೊದಲು ಬಂದದ್ದು ನಗುವೇ. ಹದಿನಾಲ್ಕು ಇಲಿ ಕೊಂದಳಂತೆ, ಹೆಗ್ಗಣದ ಉಂಗುರವಂತೆ, ಎಂದು ನಿನ್ನ ಅತ್ತೆಗೆ ಕೊನೆಯ ಸಾಲಿನವರೆಗೂ ಓದಿ ಹೇಳಿದೆ. ಅವಳು ನಗಲಿಲ್ಲ. ಗೋಡೆಗೆ ಒರಗಿಕೊಂಡು, "ಸಾಬ್ರು ಅಂಗಡಿ ಬಾಗ್ಲು ಹಾಕೋದ್ರೊಳ್ಗೆ ಹೋಗ್ಬನ್ನಿ" ಅಂದಳು. ಅಷ್ಟೇ.

ನಿನ್ನನ್ನು ಸುಳ್ಳು ಮಾಡಲೆಂದೇ ಹೋದೆ. ಅಸದುಲ್ಲಾ ಸಾಬರು ಗೋಣಿಚೀಲದಿಂದ ಆ ಪಟ್ಟಿ ಹುಡುಕಿ ತೆಗೆದು ಧೂಳು ಕೊಡವಿ, "ಬೀರಪ್ಪಣ್ಣ, ಅವತ್ತೇ ಹೇಳಿದ್ನಲ್ರೀ, ಅದು ತೊಡೆಗೆ ಕಟ್ಟೋದು, ಮನೇವ್ರಿಗೆ ಇದನ್ನ ತಗೊಳ್ಳಿ ಅಂತ. ಗುಜರಿಯವ್ನಿಗೆ ಏನ್ ಗೊತ್ತು ಅಂದ್ಬುಟ್ರಿ" ಅಂದರು. ಹೌದು, ಅಂದಿದ್ದೆ. ನಿನಗೆ ಬರೆದ ಕಾಗದದಲ್ಲಿ ಆ ಮಾತನ್ನು ಬಿಟ್ಟಿದ್ದೆ. ದುಡ್ಡು ಕೊಡಲು ಹೋದರೆ ಬೇಡವೆಂದರು.

ಮನೆಗೆ ಬಂದು ದೊಡ್ಡ ಪಟ್ಟಿ ಕಟ್ಟಿದೆ. 138. ಸಣ್ಣದನ್ನು ಕಟ್ಟಿದೆ. 176/104. ಮತ್ತೆ ದೊಡ್ಡದು, ಮತ್ತೆ ಸಣ್ಣದು. ನಾಲ್ಕು ಸಲ ಮಾಡಿದೆ. ಅವಳ ತೋಳು ಕೆಂಪಾಯಿತು. ಐದನೆಯ ಸಲ ಕಟ್ಟಲು ಹೋದಾಗ ಅವಳು ತೋಳನ್ನು ಸೆರಗಿನೊಳಗೆ ಎಳೆದುಕೊಂಡಳು.

ಮೂವತ್ತನಾಲ್ಕು ವರ್ಷ. ಹಸುವಿನ ಕೊರಳ ಕೆಳಗೆ ನೀರು ತುಂಬಿ ಜೋತುಬಿದ್ದರೆ ಅದರ ಹೃದಯ ಸೋತಿದೆ ಎಂದು ಕೊಟ್ಟಿಗೆಯ ಬಾಗಿಲಲ್ಲಿ ನಿಂತೇ ಹೇಳುತ್ತಿದ್ದೆ. ನನ್ನ ಮನೆಯಲ್ಲಿ, ನನಗೆ ಅನ್ನ ಬಡಿಸುತ್ತಿದ್ದವಳ ಕಾಲಿನಲ್ಲಿ ಅದೇ ನೀರು ಎರಡು ತಿಂಗಳು ತುಂಬಿಕೊಂಡಿತ್ತು. ಬೆರಳಿನಿಂದ ಒತ್ತಿದರೆ ಗುಳಿ ಬೀಳುತ್ತಿತ್ತು. ಒತ್ತಿಯೂ ನೋಡಿದ್ದೆ. ಬಿಸಿಲು ಅಂದೆ. ಇಂಥ ಕೆಲಸವನ್ನು ಇಲಾಖೆಯಲ್ಲಿ ಬೇರೆ ಯಾರಾದರೂ ಮಾಡಿದ್ದರೆ ನಾನೇ ಮೇಲಿನವರಿಗೆ ಬರೆದು ಅವನ ನೌಕರಿ ಕಳೆಯುತ್ತಿದ್ದೆ.

ತರೀಕೆರೆಗೆ ಕರೆದುಕೊಂಡು ಹೋದಾಗ ಆ ವಿಶ್ವನಾಥ್ ನನ್ನನ್ನು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನನ್ನ ಡೇರಿ ಪುಸ್ತಕದ ಹಾಳೆಯನ್ನು ನೋಡಿ, "ಅಚ್ಚುಕಟ್ಟಾಗಿ ಬರ್ದಿದೀರಿ" ಎಂದು ಹಿಂದಕ್ಕೆ ಕೊಟ್ಟ. ತಾನೇ ಫೋನ್ ಮಾಡಿ ಶಿವಮೊಗ್ಗಕ್ಕೆ ಆಂಬ್ಯುಲೆನ್ಸಿನಲ್ಲಿ ಕಳಿಸಿದ. ಶ್ವಾಸಕೋಶದಲ್ಲಿ ನೀರು ತುಂಬಿತ್ತು. ಐದು ದಿನ ಆಮ್ಲಜನಕ ಕೊಟ್ಟರು. ಹೃದಯದ ಎಡಗಡೆ ಗೋಡೆ ದಪ್ಪವಾಗಿ, ಈಗ ಸೋತಿದೆಯಂತೆ. ಎಕೋ ಮಾಡಿದ ಹುಡುಗಿ ಪರದೆಯ ಮೇಲೆ ತೋರಿಸಿದಳು. ನೀನು ಜನವರಿಯಲ್ಲೇ ಬರೆದಿದ್ದೆ. ಇಲಿಯದು ಎಂದು ಓದಿ ಮಡಿಸಿಟ್ಟಿದ್ದೆ.

ನಾಳೆ ಊರಿಗೆ ಹೋಗುತ್ತೇವೆ. ನಿನ್ನ ಅತ್ತೆ ನನ್ನ ಜೊತೆ ಸರಿಯಾಗಿ ಮಾತಾಡುತ್ತಿಲ್ಲ. ಉಸಿರು ಸಾಲದೆ ಇರಬಹುದು.

ಸಣ್ಣಬೀರಪ್ಪ


ಅಜ್ಜಂಪುರ
28 ಏಪ್ರಿಲ್ 2024

ನಯನಾ,

ನಾನು ನಿನ್ನ ಅತ್ತೆ, ಶಕುಂತಲಮ್ಮ. ನಿನ್ನ ಮಾವ ಹೇಳಿ ಬರೆಸಿದ್ದಲ್ಲ. ಏಳನೇ ಕ್ಲಾಸಿನವರೆಗೆ ಓದಿದ್ದೇನೆ, ನನಗೂ ಬರವಣಿಗೆ ಬರುತ್ತದೆ.

ನಿಮ್ಮ ಕಾಗದಗಳನ್ನೆಲ್ಲ ಟ್ರಂಕಿನಿಂದ ತೆಗೆದು ಓದಿದೆ. ಅವರು ಬರೆದದ್ದಕ್ಕೂ ನಕಲು ಇದೆ, ಆಫೀಸಿನ ಅಭ್ಯಾಸ. ಎಲ್ಲ ನನ್ನ ಎದೆಯ ವಿಷಯ. ಒಂದು ಕಾಗದದಲ್ಲಾದರೂ "ಶಕುಂತಲಾ ಏನು ಹೇಳುತ್ತಾಳೆ" ಅಂತ ಇದೆಯಾ ಎಂದು ಹುಡುಕಿದೆ. ಇಲ್ಲ. ಅವರಿಗೆ ನಿನ್ನನ್ನು ಸೋಲಿಸಬೇಕಿತ್ತು, ನಿನಗೆ ಅವರನ್ನು. ಮಧ್ಯದಲ್ಲಿ ನನ್ನ ತೋಳು ಇತ್ತು. ನಿನ್ನ ಇಲಿಗಳಾದರೂ ವಾಸಿ. ಅವಕ್ಕೆ ಮಾತು ಬರುವುದಿಲ್ಲ ಎಂದು ಎಲ್ಲರಿಗೂ ಗೊತ್ತು.

ಯಾಕೆ ಹೇಳಲಿಲ್ಲ ಎಂದು ಎಲ್ಲರೂ ಈಗ ಕೇಳುತ್ತಾರೆ. ಹೇಳಿದೆನಲ್ಲ. ಡೇರಿಗೆ ಹಾಲು ಹಾಕಿ ಬರುವಾಗ ಮೂರು ಕಡೆ ಕೂರುತ್ತೇನೆ ಅಂದೆ. 132 ಇದೆ ಅಂದರು. ಎದೆ ಮೇಲೆ ಕಲ್ಲು ಹೇರಿದ ಹಾಗಿದೆ ಅಂದೆ. 134 ಅಂದರು. ನಿಮ್ಮಮ್ಮ ಬಂದಾಗ ಹೇಳೋಣ ಎಂದು ಬಾಯಿ ತೆಗೆದೆ. ನಿಮ್ಮಮ್ಮನ ತೋಳಿಗೇ ಪಟ್ಟಿ ಕಟ್ಟಿದರು. ಕೊನೆಗೆ ನನಗೂ ಅನುಮಾನ ಬಂತು. ಇಷ್ಟು ಓದಿದವರು ಇಬ್ಬರು ಹೇಳುವಾಗ, ನನ್ನ ಉಸಿರೇ ಸುಳ್ಳು ಹೇಳುತ್ತಿದೆಯೇನೋ ಅಂದುಕೊಂಡೆ.

ಈಗ ಗುಳಿಗೆ ನಾಲ್ಕು ಬಗೆ. ಡಬ್ಬ ನನ್ನ ಹತ್ತಿರವೇ ಇದೆ, ಅವರ ಕೈಗೆ ಕೊಡುವುದಿಲ್ಲ. ಮಲ್ಲಿಕಾಂಬ ವಾರಕ್ಕೊಮ್ಮೆ ಬಂದು ನೋಡುತ್ತಾಳೆ. ಮೊದಲ ದಿನ ನಿನ್ನ ಮಾವ ಹತ್ತಿರ ಬಂದು ಬಗ್ಗಿ ಅಂಕಿ ನೋಡಲು ಹೋದರು. "ಹಟ್ಟಿ ಕಡೆ ಹೋಗಿ, ಎಮ್ಮೆ ಕಿರುಚ್ತಾ ಐತೆ" ಅಂದೆ. ಹೋದರು. ಎಮ್ಮೆ ಕಿರುಚುತ್ತಿರಲಿಲ್ಲ.

ನಿನ್ನನ್ನು ಒಂದು ಕೇಳಬೇಕು, ಅದಕ್ಕೆ ಬರೆದದ್ದು. ದಪ್ಪವಾಗಿ ಸೋತ ಹೃದಯ ಮತ್ತೆ ಮೊದಲಿನ ಹಾಗೆ ಆಗುತ್ತದಾ? ಶಿವಮೊಗ್ಗದ ದೊಡ್ಡ ಡಾಕ್ಟರನ್ನು ಕೇಳಿದೆ. ಕೇಳಿದವಳು ನಾನು, ಅವರು ಉತ್ತರ ಹೇಳಿದ್ದು ನಿನ್ನ ಮಾವನ ಮುಖ ನೋಡಿಕೊಂಡು, ಇಂಗ್ಲಿಷಿನಲ್ಲಿ. ಇವರು ನನಗೆ "ಏನೂ ಆಗಲ್ಲ ಬಾ" ಅಂದರು. ನಿನ್ನ ಇಲಿಗಳಲ್ಲಿ ಏನಾಯಿತು, ಅದನ್ನು ಬರಿ. ಸಮಾಧಾನ ಬರೆಯಬೇಡ. ಈ ಮನೆಯಲ್ಲಿ ಅದು ಬೇಕಾದಷ್ಟು ಸಿಗುತ್ತದೆ.

ಲಕೋಟೆಯ ಮೇಲೆ ನನ್ನ ಹೆಸರು ಬರಿ. ಸಣ್ಣಬೀರಪ್ಪನವರ ಮನೆ, ಕೇರ್ ಆಫ್, ಅದೆಲ್ಲ ಬೇಡ. ಪೋಸ್ಟ್‌ಮ್ಯಾನಿಗೆ ನಾನು ಗೊತ್ತು.

ಶಕುಂತಲಮ್ಮ


ಹೈದರಾಬಾದ್
6 ಮೇ 2024

ಅತ್ತೆ,

ಈ ಕಾಗದವನ್ನು ಎರಡು ಸಲ ಹರಿದು ಬರೆದಿದ್ದೇನೆ. ಮೊದಲ ಎರಡರಲ್ಲಿ ಸಮಾಧಾನವೇ ಇತ್ತು.

ನನಗಿಂತ ಮೊದಲು ಇಲ್ಲಿದ್ದವರು ಹತ್ತು ಇಲಿಗಳಿಂದ ಪಂಪ್ ತೆಗೆದು, ಬಿ.ಪಿ. ಇಳಿದ ಮೇಲೆ ಹೃದಯ ಏನಾಗುತ್ತದೆ ಎಂದು ನೋಡಿದ್ದರು. ಆರರಲ್ಲಿ ಗೋಡೆ ತೆಳುವಾಗಿ ಬಡಿತ ಸುಧಾರಿಸಿತು. ಪೂರ್ತಿ ಮೊದಲಿನ ಹಾಗಲ್ಲ, ಅದರ ಹತ್ತಿರಕ್ಕೆ. ಎರಡು ಇದ್ದ ಹಾಗೆಯೇ ಉಳಿದವು. ಎರಡು ಸತ್ತವು. ಪಂಪ್ ಬೇಗ ತೆಗೆದಂಥವು ಹೆಚ್ಚಾಗಿ ಬದುಕಿದವು. ನಿಮ್ಮದು ಬೇಗವೋ ತಡವೋ ಎಂದು ಇಲಿಯ ಲೆಕ್ಕದಿಂದ ಹೇಳಲು ಬರುವುದಿಲ್ಲ. ಗುಳಿಗೆ ಬಿಡದೆ ತೆಗೆದುಕೊಂಡ ಎಷ್ಟೋ ಜನರ ಹೃದಯ ಸುಧಾರಿಸಿದೆ. ಎಲ್ಲರದೂ ಅಲ್ಲ. ಜುಲೈನಲ್ಲಿ ಮತ್ತೆ ಎಕೋ ಮಾಡುತ್ತಾರೆ. ಆಗ ಡಾಕ್ಟರಿಗೆ, "ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿ" ಅನ್ನಿ.

ಇನ್ನೊಂದು ವಿಷಯ. ನಿಮ್ಮ ಪ್ರಶ್ನೆಗೆ ಉತ್ತರ ಹುಡುಕುವಾಗಲೇ ನನ್ನ ಕಣ್ಣಿಗೆ ಬಿದ್ದದ್ದು. ಆ ಹತ್ತೂ ಗಂಡಿಲಿಗಳು. ನಾನು ಕೊಂದ ಹದಿನಾಲ್ಕೂ ಗಂಡು. ಐದು ವರ್ಷದ ಪುಸ್ತಕಗಳನ್ನು ತಿರುವಿದೆ, ಎಲ್ಲ ಗಂಡೇ. ಹೆಣ್ಣಿಲಿಗಳ ಅಂಕಿ ತಿಂಗಳಿಡೀ ಒಂದೇ ಸಮ ಇರುವುದಿಲ್ಲ, ಲೆಕ್ಕ ಕೆಡುತ್ತದೆ ಎಂದು ನಮ್ಮ ಲ್ಯಾಬಿನಲ್ಲಿ ಅವನ್ನು ತರಿಸುವುದಿಲ್ಲ. ನಾನೂ ಯಾಕೆ ಎಂದು ಕೇಳಿರಲಿಲ್ಲ. ನಾವು ಎಲ್ಲ ಹೋಲಿಸಿ ನೋಡಿ ಬರೆದಿಡುತ್ತೇವೆ ಎಂದು ಮಾವನಿಗೆ ಅಷ್ಟೊಂದು ದೊಡ್ಡ ಮಾತು ಬರೆದವಳು ನಾನೇ. ಹೆಣ್ಣಿನ ಹೃದಯ ಸೋತ ಮೇಲೆ ಏನು ಮಾಡುತ್ತದೆ ಎಂದು ನೀವು ಕೇಳಿದರೆ, ನನ್ನ ಕೈಯಲ್ಲಿರುವ ಇಷ್ಟು ಪುಸ್ತಕಗಳಲ್ಲಿ ಒಂದು ಅಂಕಿಯೂ ಇಲ್ಲ. ನನಗೆ ಗೊತ್ತಿಲ್ಲ ಅತ್ತೆ.

ಆದ್ದರಿಂದ ಅಂಕಿ ಬರೆಯಬೇಡಿ. ಅದನ್ನು ಮಲ್ಲಿಕಾಂಬ ಅವರು ಬರೆದಿಡಲಿ. ನನಗೆ ಇಷ್ಟು ಬರೆಯಿರಿ: ಡೇರಿಗೆ ಹೋಗಿ ಬರುವಾಗ ಈಗ ಎಷ್ಟು ಕಡೆ ಕೂರುತ್ತೀರಿ?

ನಯನ